-8ರ ಘನಮೂಲ -2 ಅಲ್ವಾ? ಕಂಪ್ಯೂಟರ್ ಬೇರೆ ಏನೋ ಹೇಳುತ್ತಿದೆ

ಸಪ್ತಾಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಿನ್ನೆ ರಾತ್ರಿ ಊಟದ ಹೊತ್ತಿಗೆ ಒಂದು ಜಗಳ ಶುರುವಾಯಿತು. ಇನ್ನೂ ಮುಗಿದಿಲ್ಲ. ಜಗಳ -8ರ ಘನಮೂಲದ ಬಗ್ಗೆ. ನಗಬೇಡಿ.

ಮಗ ಹತ್ತನೇ ತರಗತಿ. ನಾನು ಬಿ.ಕಾಂ. ಓದಿದವಳು, ಗಣಿತ ಬಿಟ್ಟು ಇಪ್ಪತ್ತು ವರ್ಷ ಆಯಿತು. ಮೈನಸ್ ಸಂಖ್ಯೆಗೆ ಮೂಲ ಇರೋದಿಲ್ಲ ಅಂತ ನನ್ನ ತಲೆಯಲ್ಲಿ ಕೂತಿದೆ. ಅವನು ಕ್ಯಾಲ್ಕುಲೇಟರ್ ತಂದ. -4ರ ವರ್ಗಮೂಲ ಒತ್ತಿದರೆ ಎರರ್ ಬಂತು. ನೋಡಿದೆಯಾ ಅಂದೆ. ಆಮೇಲೆ -8ರ ಘನಮೂಲ ಒತ್ತಿದ. -2 ಅಂತ ನೆಟ್ಟಗೆ ಉತ್ತರ ಬಂತು. ನಾನು ಸೋತೆ.

ಅಷ್ಟಕ್ಕೆ ಬಿಡಲಿಲ್ಲ. ಅವನು ಈಗ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಾನೆ. ಅದರಲ್ಲಿ (-8)**(1/3) ಅಂತ ಬರೆದ. ಎರಡು ನಕ್ಷತ್ರ ಅಂದರೆ ಘಾತವಂತೆ, ಘಾತ 1/3 ಅಂದರೆ ಘನಮೂಲ. ಬಂದದ್ದು 1.0000000000000002+1.7320508075688772ಜೆ. ಈ ಜೆ ಯಾರು? ಗೆಳೆಯನಿಗೆ ಫೋನ್ ಮಾಡಿ ಅದೇ ಲೆಕ್ಕ ಮಾಡಿಸಿದ. ಅವನಿಗೆ -2.0 ಬಂತಂತೆ. ಈಗ ಒಂದೇ ಲೆಕ್ಕಕ್ಕೆ ನನ್ನದೂ ಸೇರಿ ಮೂರು ಉತ್ತರ. ಯಾರದು ಸರಿ?

ಮಿರ್ಚಿ ಗಿರ್ಮಿಟ್

ಊಟದ ಹೊತ್ತಿನಲ್ಲಿ ಘನಮೂಲ ಮಾತಾಡುವ ಮನೆ ಧಾರವಾಡದಲ್ಲೇ ಇರಬೇಕು. ಹುಬ್ಬಳ್ಳಿಯಲ್ಲಿ ನಾವು ಆ ಹೊತ್ತಿಗೆ ಉದ್ರಿ ಕೊಟ್ಟವರನ್ನು ನೆನೆಸಿಕೊಳ್ಳುತ್ತೇವೆ.

ದುರ್ಗದಬೈಲ್ ಕಾಕಾ

ಅಕ್ಕಾರ, ನಿಮ್ಮ ಮಾತೇ ಸರಿ. ಮೈನಸ್‌ಗೆ ಯಾವ ಮೂಲವೂ ಇಲ್ಲ. ನಮ್ಮ ಮಾಸ್ತರರು ಬೋರ್ಡ್ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು, ಇನ್ನೂ ಕಣ್ಣ ಮುಂದಿದೆ. ಯಂತ್ರಗಳು ಏನಾದರೂ ಹೇಳುತ್ತವೆ ಬಿಡಿ.

ಹಾವೇರಿ ನಿವೃತ್ತ ಮಾಸ್ತರ

ಕಾಕಾ, ಬೋರ್ಡ್ ಮೇಲೆ ಬರೆದಿದ್ದು ವರ್ಗಮೂಲದ ಬಗ್ಗೆ ಇರಬೇಕು. ನಿಮಗೆ ಗೆರೆ ನೆನಪಿದೆ, ಮೇಲಿನ ಪದ ಮರೆತಿದೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇದು ಎಲ್ಲರಿಗೂ ಆಗುತ್ತದೆ.

ಮೂಲ ಅಂದರೆ ಏನು ಅನ್ನೋದರಿಂದ ಹೊರಡೋಣ. -8ರ ಘನಮೂಲ ಅಂದರೆ ಯಾವ ಸಂಖ್ಯೆಯನ್ನು ಮೂರು ಸಲ ಇಟ್ಟು ಗುಣಿಸಿದರೆ -8 ಬರುತ್ತದೆ ಅಂತ. -2 ಇಟ್ಟು ನೋಡಿ. ಮೊದಲ ಎರಡು ಸೇರಿ +4. ಮೂರನೆಯದು ಬಂದು -8. ಸಿಕ್ಕಿತಲ್ಲ.

ಈಗ -4ರ ವರ್ಗಮೂಲ. 2 ಇಟ್ಟರೆ 4. -2 ಇಟ್ಟರೂ 4. ಸೊನ್ನೆ ಇಟ್ಟರೆ ಸೊನ್ನೆ. -4 ಕೊಡುವವರು ಯಾರೂ ಉಳಿದಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಇಬ್ಬಿಬ್ಬರು ಕೈ ಹಿಡಿದು ಕ್ಲಾಸಿಗೆ ಹೋಗುತ್ತಾರಲ್ಲ, ಮೈನಸ್‌ಗಳೂ ಹಾಗೆ. ಎರಡು ಸೇರಿದರೆ ಪ್ಲಸ್ ಆಗಿ ಒಳಗೆ ಹೋಗುತ್ತವೆ. ಬೆಸ ಸಂಖ್ಯೆಯಲ್ಲಿದ್ದರೆ ಒಂದು ಹೊರಗೆ ಒಂಟಿಯಾಗಿ ನಿಲ್ಲುತ್ತದೆ. ಆ ಒಂಟಿ ಮೈನಸ್ಸೇ ಉತ್ತರದ ಮೈನಸ್. ಅದಕ್ಕೇ -243ರ ಐದನೇ ಮೂಲ -3, -128ರ ಏಳನೇ ಮೂಲ -2. ಆದರೆ -16ರ ನಾಲ್ಕನೇ ಮೂಲ ಕೇಳಿದರೆ ಸಿಗೋದಿಲ್ಲ, ಜೋಡಿ ಪೂರ್ತಿ ಆಗಿಬಿಡುತ್ತದೆ.

ಒಂಬತ್ತನೇ ತರಗತಿಯ ಮಾತಿನಲ್ಲಿ, ಕರಣಿ ಕ್ರಮ, ಅಂದರೆ ಎಷ್ಟನೇ ಮೂಲ ಅನ್ನೋ ಸಂಖ್ಯೆ, ಬೆಸವಾದರೆ ಒಳಗೆ ಮೈನಸ್ ಇರಬಹುದು. ಸಮವಾದರೆ ವಾಸ್ತವ ಸಂಖ್ಯೆಗಳಲ್ಲಿ, ಅಂದರೆ ಸಂಖ್ಯಾರೇಖೆಯ ಮೇಲೆ ಸಿಗುವ ಸಂಖ್ಯೆಗಳಲ್ಲಿ, ಉತ್ತರ ಇಲ್ಲ. "ವಾಸ್ತವ ಸಂಖ್ಯೆಗಳಲ್ಲಿ" ಅನ್ನೋ ಮಾತು ಬಿಡಬೇಡಿ. ಅಮ್ಮ ಕೇಳಿದ ಜೆ ಅಲ್ಲೇ ಅಡಗಿ ಕೂತಿದ್ದಾನೆ.

ಪಿಯು ಸೆಕೆಂಡ್ ಇಯರ್

ಸರ್, ನಡುವೆ ಒಂದು ಸಣ್ಣ ಡೌಟ್. √9 ಅಂದರೆ 3 ಮಾತ್ರವಾ, ±3 ಅಲ್ವಾ? ಟ್ಯೂಷನ್‌ನಲ್ಲಿ ಒಂದು ಥರ, ಕಾಲೇಜಿನಲ್ಲಿ ಒಂದು ಥರ ಹೇಳುತ್ತಾರೆ.

ಹಾವೇರಿ ನಿವೃತ್ತ ಮಾಸ್ತರ

ತಂಗೀ, √ ಚಿಹ್ನೆ ಹಾಕಿದರೆ 3 ಮಾತ್ರ. 9ಕ್ಕೆ ವರ್ಗಮೂಲಗಳು ಎರಡಿವೆ, ಚಿಹ್ನೆ ಅದರಲ್ಲಿ ಒಂದನ್ನು ಮಾತ್ರ ಕರೆಯುತ್ತದೆ. ಎಕ್ಸ್ ವರ್ಗ = 9 ಅಂತ ಸಮೀಕರಣ ಕೊಟ್ಟರೆ ಆಗ ±3 ಎರಡನ್ನೂ ಬರೆಯಬೇಕು. ವಾಸ್ತವ ಸಂಖ್ಯೆಗಳಲ್ಲಿ ಘನಮೂಲಕ್ಕೆ ಈ ತಕರಾರೇ ಇಲ್ಲ. 8ಕ್ಕೆ 2 ಒಂದೇ, -8ಕ್ಕೆ -2 ಒಂದೇ.

ಬೆಟಗೇರಿ ಹುಡುಗ

ಮಗನ ಗೆಳೆಯನಿಗೆ -2.0 ಬಂದಿದ್ದು ಯಾಕೆ ಅಂತ ನನಗೆ ಗೊತ್ತು. ಅವನು ಕಂಸ ಹಾಕಿಲ್ಲ. -8**(1/3) ಅಂತ ಬರೆದಿದ್ದಾನೆ. ಪೈಥಾನ್‌ನಲ್ಲಿ ಘಾತ ಮೊದಲು, ಎದುರಿನ ಮೈನಸ್ ಆಮೇಲೆ. ಅಂದರೆ ಅದು 8ರ ಘನಮೂಲ 2 ಅಂತ ತೆಗೆದು, ಕೊನೆಗೆ ಮೈನಸ್ ಅಂಟಿಸಿದೆ. ಅವನ ಉತ್ತರ ಸರಿ ಬಂದಿದ್ದು ಅದೃಷ್ಟ.

ನಂಬಿಕೆ ಇಲ್ಲದಿದ್ದರೆ -4**(1/2) ಅಂತ -4ಕ್ಕೆ ಕಂಸ ಇಲ್ಲದೆ ಬರೆಯಲು ಹೇಳಿ. -2.0 ಅನ್ನುತ್ತದೆ. ಈಗ -2 ಗುಣಿಸು -2 ಮಾಡಲಿ. 4 ಬರುತ್ತದೆ, -4 ಅಲ್ಲ. ಬೆಸ ಮೂಲದಲ್ಲಿ ಈ ತಪ್ಪು ಗೊತ್ತೇ ಆಗೋದಿಲ್ಲ, ಮೈನಸ್ ಒಳಗಿದ್ದರೂ ಹೊರಗಿದ್ದರೂ ಒಂದೇ ಉತ್ತರ. ಸಮ ಮೂಲ ಬಂದ ಕೂಡಲೇ ಸಿಕ್ಕಿಬೀಳುತ್ತಾರೆ.

ದುರ್ಗದಬೈಲ್ ಕಾಕಾ

ಮಾಸ್ತರರೇ, ಒಪ್ಪಿದೆ. ಎರಡು ಗೆರೆ ಅಷ್ಟೇ ನೆನಪಿತ್ತು.

ಕಂಸದ ಮಾತು ಬಂತಲ್ಲ, ಅಂಗಡಿ ಲೆಕ್ಕದ ಸ್ಪ್ರೆಡ್‌ಶೀಟ್‌ನಲ್ಲಿ ಈಗಷ್ಟೇ ನೋಡಿದೆ. =-3^2 ಅಂತ ಹಾಕಿದರೆ 9 ಬಂತು. ಮಗಳ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಅದೇ ಒತ್ತಿದರೆ -9. ಇದೇನು ತಮಾಷೆ?

ಬೆಟಗೇರಿ ಹುಡುಗ

ತಮಾಷೆ ಅಲ್ಲ ಕಾಕಾ, ಸ್ಪ್ರೆಡ್‌ಶೀಟ್ ಮೈನಸ್‌ ಅನ್ನು ಮೊದಲು 3ಕ್ಕೆ ಅಂಟಿಸಿ ಆಮೇಲೆ ವರ್ಗ ಮಾಡುತ್ತದೆ. ಗಣಿತ ಪುಸ್ತಕದ ರೂಢಿ ಉಲ್ಟಾ, ಅಲ್ಲಿ -9 ಸರಿ. ಅದಕ್ಕೇ ಕಂಸ ಹಾಕಿಬಿಡಿ. ಎರಡು ಕಂಸಕ್ಕೆ ಯಾರೂ ದುಡ್ಡು ಕೇಳೋದಿಲ್ಲ.

ಸಪ್ತಾಪುರದ ಅಮ್ಮ

ಗೆಳೆಯನಿಗೆ ಫೋನ್ ಮಾಡಿದೆವು. ಕಂಸ ಹಾಕಿರಲಿಲ್ಲವಂತೆ! ಮಗ ಖುಷಿಯಿಂದ ಕುಣಿಯುತ್ತಿದ್ದಾನೆ. ಆದರೆ ಕಂಸ ಹಾಕಿ ಸರಿಯಾಗಿ ಬರೆದವನಿಗೆ ಯಾಕೆ ಆ ವಿಚಿತ್ರ ಉತ್ತರ? ಅದು ತಪ್ಪಾ?

ಬೆಟಗೇರಿ ಹುಡುಗ

ತಪ್ಪಲ್ಲ. ಅದೂ -8ರ ಒಂದು ಘನಮೂಲವೇ. ಅದನ್ನು ಮಾಸ್ತರರು ಹೇಳಲಿ. ಕಂಪ್ಯೂಟರ್ -2 ಯಾಕೆ ಕೊಡಲಿಲ್ಲ ಅನ್ನೋದು ಮಾತ್ರ ನನ್ನ ಪಾಲು.

ಕಂಪ್ಯೂಟರ್‌ಗೆ 1/3 ಅಂತ ಬರೆದು ಕೊಟ್ಟರೆ ಅದು ಮೊದಲು ಭಾಗಾಕಾರ ಮಾಡಿ ಒಂದು ದಶಮಾಂಶ ಇಟ್ಟುಕೊಳ್ಳುತ್ತದೆ. 0.3333 ಹೀಗೆ. ಅದೂ ಪೂರ್ತಿ ಅಲ್ಲ. ಒಳಗೆ ಎಲ್ಲವೂ ಎರಡರ ಲೆಕ್ಕ ಆದ್ದರಿಂದ ಅದರ ಹತ್ತಿರ ಇರೋದು 6004799503160661 ಭಾಗಿಸು 2ರ ಘಾತ 54. ಛೇದ ನೋಡಿ. ಸಮ ಸಂಖ್ಯೆ! ನೀವು ಬೆಸ ಮೂಲ ಕೇಳಿದಿರಿ, ಅದರ ಕೈಗೆ ಸಿಕ್ಕಿದ್ದು ಸಮ ಮೂಲ. 3 ಅನ್ನೋ ಬೆಸ ಸಂಖ್ಯೆ ದಾರಿಯಲ್ಲೇ ಕಳೆದುಹೋಯಿತು. ಹಾಗಾಗಿ ಮೈನಸ್ ಸಂಖ್ಯೆ ಕಂಡರೆ ಅದು ಸೀದಾ ಕಾಂಪ್ಲೆಕ್ಸ್ ನಂಬರ್, ಅಂದರೆ ಆ ಜೆ ಸೇರಿದ ಸಂಖ್ಯೆಗಳ ದಾರಿ ಹಿಡಿಯುತ್ತದೆ.

-2 ಬೇಕೇ ಬೇಕು ಅಂದರೆ ಪೈಥಾನ್ 3.11ರಿಂದ ಮ್ಯಾಥ್ ಲೈಬ್ರರಿಯಲ್ಲಿ ಘನಮೂಲಕ್ಕೇ ಬೇರೆ ಫಂಕ್ಷನ್ ಇದೆ, ಹೆಸರು ಸಿಬಿಆರ್‌ಟಿ. ಅದು -2.0 ಕೊಡುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ ಘನಮೂಲದ ಬಟನ್ ಬೇರೆ ಇರುತ್ತಲ್ಲ, ಹಾಗೆ.

ಪಿಯು ಸೆಕೆಂಡ್ ಇಯರ್

ಅಯ್ಯೋ, ಇದು ನಮ್ಮ ಕ್ಲಾಸಲ್ಲಿ ಒಬ್ಬ ತಂದ ಒಗಟಿಗೆ ಹತ್ತಿರ ಇದೆ. 1/3 ಮತ್ತು 2/6 ಒಂದೇ ತಾನೆ? ಹಾಗಾದರೆ -8ರ ಘಾತ 2/6 ತೆಗೆಯೋಣ. ಮೊದಲು ವರ್ಗ, 64. ಅದರ ಆರನೇ ಮೂಲ 2. ಅಂದರೆ -2 = 2. ಇಡೀ ಬೆಂಚ್ ತಲೆ ಕೆರೆದುಕೊಂಡಿತು.

ಹಾವೇರಿ ನಿವೃತ್ತ ಮಾಸ್ತರ

ಒಳ್ಳೆ ಒಗಟು. ವರ್ಗ ಮಾಡಿದ ಕ್ಷಣದಲ್ಲಿ ಒಂಟಿ ಮೈನಸ್‌ಗೆ ಕಳ್ಳ ಜೋಡಿ ಸಿಕ್ಕಿತು, ಒಳಗೆ ಓಡಿಹೋಯಿತು. ಆಮೇಲೆ ಹೊರಗೆ ಹುಡುಕಿದರೆ ಎಲ್ಲಿ ಸಿಗುತ್ತದೆ? ಭಿನ್ನರಾಶಿ ಘಾತದ ನಿಯಮಗಳು ಧನ ಸಂಖ್ಯೆಗಳಿಗೆ ಅಂತಲೇ ಹೇಳೋದು ಇದಕ್ಕೇ. ಋಣ ಸಂಖ್ಯೆಗೆ ಬಳಸಲೇಬೇಕಾದರೆ ಭಿನ್ನರಾಶಿಯನ್ನು ಮೊದಲು ಸಂಕ್ಷೇಪಿಸಬೇಕು, ಛೇದ ಬೆಸ ಇರಬೇಕು. ನಿಮ್ಮ ಕ್ಲಾಸಿನವನು ಸಂಕ್ಷೇಪಿಸಿದ್ದನ್ನು ಬಿಚ್ಚಿ ಸಮ ಛೇದ ತಂದ.

ಇನ್ನು ಅಮ್ಮ ಕೇಳಿದ ಜೆ. ಬರೆಯೋದು ಸ್ವಲ್ಪ ಉದ್ದ ಆಗುತ್ತದೆ. ಚಹಾ ಇಟ್ಟು ಬಂದು ಓದಿ.

ಹುಬ್ಬಳ್ಳಿ-ಧಾರವಾಡ ರಸ್ತೆಯನ್ನು ಸಂಖ್ಯಾರೇಖೆ ಅಂದುಕೊಳ್ಳಿ. ನೀವು ನಡುವೆ ನವನಗರದಲ್ಲಿ ನಿಂತಿದ್ದೀರಿ, ಅದು ಸೊನ್ನೆ. ಧಾರವಾಡದ ಕಡೆ ಪ್ಲಸ್, ಹುಬ್ಬಳ್ಳಿ ಕಡೆ ಮೈನಸ್. (ಹುಬ್ಬಳ್ಳಿಯವರು ಬೇಕಾದರೆ ಉಲ್ಟಾ ಮಾಡಿಕೊಳ್ಳಿ, ಲೆಕ್ಕ ಬದಲಾಗೋದಿಲ್ಲ.) ಮುಖ ಧಾರವಾಡದ ಕಡೆ ಇದೆ. -1ರಿಂದ ಗುಣಿಸೋದು ಅಂದರೆ ಪಿ.ಟಿ. ಮಾಸ್ತರರ "ಪೀಛೇ ಮುಡ್". ಅರ್ಧ ಸುತ್ತು, 180 ಡಿಗ್ರಿ. ಎರಡು ಸಲ ಮಾಡಿದರೆ ಮತ್ತೆ ಧಾರವಾಡ. ಮೂರು ಸಲ ಮಾಡಿದರೆ ಹುಬ್ಬಳ್ಳಿ. ಸಮ, ಬೆಸ ಎರಡೂ ಇಲ್ಲೇ ಕಾಣುತ್ತವೆ.

ಈಗ -1ರ ವರ್ಗಮೂಲ ಅಂದರೆ ಹೀಗೆ ಕೇಳಿದಂತೆ. ಯಾವ ತಿರುವನ್ನು ಎರಡು ಸಲ ಮಾಡಿದರೆ ಮುಖ ಹುಬ್ಬಳ್ಳಿ ಕಡೆ ಆಗುತ್ತದೆ? ಸುಮ್ನೆ ನಿಂತರೆ ಆಗೋದಿಲ್ಲ. ಪೀಛೇ ಮುಡ್ ಎರಡು ಸಲ ಮಾಡಿದರೂ ಇಲ್ಲ. ಆದರೆ ಎಡಕ್ಕೆ ಕಾಲು ಸುತ್ತು, 90 ಡಿಗ್ರಿ, ಎರಡು ಸಲ ಮಾಡಿ. ಆಯಿತಲ್ಲ! ಮೊದಲ ತಿರುವು ಮುಗಿದಾಗ ಮುಖ ರಸ್ತೆಯ ಮೇಲೆ ಇಲ್ಲ, ಪಕ್ಕದ ಹೊಲದ ಕಡೆ ಇದೆ. ಆ ಹೊಲದ ದಿಕ್ಕಿಗೇ ಗಣಿತದಲ್ಲಿ ಐ ಅನ್ನುತ್ತಾರೆ. ಪೈಥಾನ್ ಜೆ ಅನ್ನುತ್ತದೆ. -4ರ ವರ್ಗಮೂಲ ರಸ್ತೆಯ ಮೇಲೆ ಹುಡುಕಿದರೆ ಇಲ್ಲ, ಹೊಲಕ್ಕೆ ಇಳಿದರೆ ಎರಡು ಹೆಜ್ಜೆ ಒಳಗೆ ಇದೆ.

ಘನಮೂಲಕ್ಕೆ ಬನ್ನಿ. ಯಾವ ತಿರುವನ್ನು ಮೂರು ಸಲ ಮಾಡಿದರೆ ಹುಬ್ಬಳ್ಳಿ ಕಡೆ ಮುಖ? ಪೀಛೇ ಮುಡ್ ಆಗುತ್ತದೆ, ಒಂದೂವರೆ ಸುತ್ತು. 60 ಡಿಗ್ರಿಯೂ ಆಗುತ್ತದೆ, ಮೂರು ಅರವತ್ತು 180. ಇನ್ನೊಂದು 300 ಡಿಗ್ರಿ. ಹೀಗೆ -8ಕ್ಕೆ ಘನಮೂಲ ಮೂರು. ಮೂರೂ ಸೊನ್ನೆಯಿಂದ 2 ದೂರದಲ್ಲಿವೆ. ಒಂದು ರಸ್ತೆಯ ಮೇಲೆ, ಅದು -2. ಇನ್ನೆರಡು ಹೊಲದಲ್ಲಿ, ರಸ್ತೆಯ ಆಚೆ ಒಂದು, ಈಚೆ ಒಂದು. ಪೈಥಾನ್ ತಿರುಗೋದು ಶುರು ಮಾಡಿದ ಕೂಡಲೇ ಮೊದಲು ಸಿಗುವ 60 ಡಿಗ್ರಿಯದನ್ನು ಕೊಟ್ಟಿತು. ಕ್ಯಾಲ್ಕುಲೇಟರ್ ರಸ್ತೆ ಬಿಟ್ಟು ಇಳಿಯಲಿಲ್ಲ. ಇಬ್ಬರದೂ ಸರಿ.

ಬೆಸ ಮೂಲಕ್ಕೆ ಪೀಛೇ ಮುಡ್ ಯಾವಾಗಲೂ ಒಂದು ಉತ್ತರವಾಗಿ ನಿಲ್ಲುತ್ತದೆ. ಸಮ ಮೂಲಕ್ಕೆ ಅದು ಎಂದಿಗೂ ಆಗೋದಿಲ್ಲ. ನಾಲ್ಕನೇ ಮೂಲ ತೆಗೆದರೆ 45, 135, 225, 315 ಡಿಗ್ರಿ. ನಾಲ್ಕೂ ಹೊಲದಲ್ಲೇ.

ಮಿರ್ಚಿ ಗಿರ್ಮಿಟ್

ನವನಗರದಲ್ಲಿ ಈಗ ಎಲ್ಲಿ ಹೊಲ ಸರ್, ಎಲ್ಲಾ ಲೇಔಟ್ ಆಗಿದೆ. -4ರ ವರ್ಗಮೂಲದ ಮೇಲೆ ಯಾರೋ ಸೈಟ್ ಮಾರಿರಬೇಕು.

ಜೋಕ್ ಬಿಡಿ, ಚಿಗರಿ ಬಸ್ ಕಾಯುತ್ತಾ ಇದನ್ನು ಓದಿದೆ. ನಿಂತಲ್ಲೇ 60 ಡಿಗ್ರಿ ತಿರುಗಿ ನೋಡಿದೆ. ಪಕ್ಕದವರು ದೂರ ಸರಿದರು.

ಲಕ್ಕುಂಡಿ ದಾರಿ

ಕಾಕಾರ ಮಾಸ್ತರರು ಎಳೆದ ಆ ಎರಡು ಗೆರೆಗೆ ಬಹಳ ಹಳೆಯ ಮನೆತನ ಇದೆ. 628ರಲ್ಲೇ ಬ್ರಹ್ಮಗುಪ್ತ ಧನ, ಋಣಗಳ ನಿಯಮ ಬರೆದಿಟ್ಟಿದ್ದ. ಋಣಕ್ಕೆ ಋಣ ಗುಣಿಸಿದರೆ ಧನ ಅಂತ. ಸುಮಾರು 850ರಲ್ಲಿ ನಮ್ಮ ಕನ್ನಡ ನಾಡಿನಲ್ಲೇ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಋಣ ಸಂಖ್ಯೆ ಅದರ ಸ್ವಭಾವದಿಂದಲೇ ವರ್ಗ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅಂತ ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯನದೂ ಅದೇ ಮಾತು. ಮಹಾವೀರಾಚಾರ್ಯನ ಮಾತಿನಲ್ಲಿ ತಪ್ಪಿಲ್ಲ ನೋಡಿ. ರಸ್ತೆಯ ಮೇಲೆ ನಿಂತು ನೋಡಿದ್ದನ್ನು ಹೇಳಿದ್ದಾನೆ.

ಹೊಲಕ್ಕೆ ಇಳಿದವರು ಇಟಲಿಯವರು, ಅದೂ ಇಷ್ಟವಿಲ್ಲದೆ. 1545ರಲ್ಲಿ ಕಾರ್ಡಾನೊ ಘನ ಸಮೀಕರಣ ಬಿಡಿಸುವ ಸೂತ್ರ ಅಚ್ಚು ಹಾಕಿಸಿದ. ಎಕ್ಸ್ ಘನ = 15 ಎಕ್ಸ್ + 4 ಅನ್ನೋ ಸಮೀಕರಣಕ್ಕೆ ಉತ್ತರ 4, ಮಗುವೂ ಇಟ್ಟು ನೋಡಬಹುದು. 64 = 60 + 4. ಆದರೆ ಸೂತ್ರಕ್ಕೆ ಹಾಕಿದರೆ ನಡುವೆ -121ರ ವರ್ಗಮೂಲ ಬಂದು ಕೂರುತ್ತದೆ. 1572ರಲ್ಲಿ ಬೊಂಬೆಲ್ಲಿ ಅನ್ನೋ ಇಂಜಿನಿಯರ್ ಧೈರ್ಯ ಮಾಡಿ ಅದನ್ನು ಹಾಗೇ ಇಟ್ಟುಕೊಂಡು ಮುಂದುವರಿಸಿದ. ಒಂದು ತುಂಡು 2+ಐ, ಇನ್ನೊಂದು 2-ಐ. ಕೂಡಿದರೆ ಐ ಹೊಡೆದುಹೋಗಿ 4. ರಸ್ತೆಯಿಂದ ರಸ್ತೆಗೇ ಬಂದ, ಆದರೆ ಹೊಲದ ಕಾಲುದಾರಿಯಲ್ಲಿ.

ದುರ್ಗದಬೈಲ್ ಕಾಕಾ

ಅಂದರೆ ನಾನು ಮಹಾವೀರಾಚಾರ್ಯರ ಪಕ್ಷದವನು. ಮನೆಯಲ್ಲಿ ಹೇಳುತ್ತೇನೆ.

ಪಂಪ್‌ಸೆಟ್ ಇಂಜಿನಿಯರ್

ಜೆ ಯಾಕೆ ಅಂತ ಯಾರೂ ಹೇಳಲಿಲ್ಲ. ಐ ಅಕ್ಷರವನ್ನು 1777ರಲ್ಲಿ ಆಯ್ಲರ್ ಬಳಸಿದ. ಆದರೆ ನಮ್ಮ ಎಲೆಕ್ಟ್ರಿಕಲ್‌ನವರಿಗೆ ಐ ಅಂದರೆ ಕರೆಂಟ್. ಒಂದೇ ಅಕ್ಷರ ಎರಡು ಕೆಲಸ ಮಾಡಿದರೆ ಗೊಂದಲ ಅಂತ ನಾವು ಜೆ ಬರೆಯುತ್ತೇವೆ. ಪೈಥಾನ್ ನಮ್ಮ ರೂಢಿ ಹಿಡಿಯಿತು.

ಉಪಯೋಗ ಏನು ಅಂತ ಕೇಳುವವರಿಗೆ ಹೇಳುತ್ತೇನೆ. ಬೋರ್‌ವೆಲ್ ಮೋಟರ್‌ನಲ್ಲಿ ಕರೆಂಟು ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಆ ಹಿಂದೆ ಬೀಳೋದು ಅಂದರೆ ಒಂದು ಕೋನ, ಮಾಸ್ತರರ ತಿರುವು. ಕೆಪಾಸಿಟರ್ ಹಾಕಿದರೆ ಆ ಕೋನ ಕಡಿಮೆ ಆಗುತ್ತದೆ. ಎಷ್ಟು ಹಾಕಬೇಕು ಅನ್ನೋ ಲೆಕ್ಕದಲ್ಲಿ ಜೆ ಬಂದೇ ಬರುತ್ತದೆ. ಹೊಲದ ದಿಕ್ಕು ಹೊಲದ ಮೋಟರ್‌ಗೇ ಬೇಕು ನೋಡಿ.

ಪಿಯು ಸೆಕೆಂಡ್ ಇಯರ್

ಹಾಗಾದರೆ √-4 ಗುಣಿಸು √-9 ಎಷ್ಟು? ಒಳಗೇ ಗುಣಿಸಿದರೆ √36, ಅಂದರೆ 6. ಐ ಹಾಕಿದರೆ 2ಐ ಗುಣಿಸು 3ಐ, -6.

ಹಾವೇರಿ ನಿವೃತ್ತ ಮಾಸ್ತರ

-6. ಎರಡೂ ಋಣ ಇದ್ದಾಗ ಮೂಲದ ಒಳಗೆ ಗುಣಿಸುವ ನಿಯಮ ನಡೆಯೋದಿಲ್ಲ. ಮೊದಲು ಐ ಹೊರಗೆ ತೆಗೆ, ಆಮೇಲೆ ಗುಣಿಸು. ಇದೂ ಆ 2/6ರ ಕಳ್ಳ ಜೋಡಿಯ ತಮ್ಮನೇ.

ಅಮ್ಮಾ, ಮಗನಿಗೆ ಒಂದು ಕೆಲಸ ಕೊಡಿ. -8ರ ಘನಮೂಲ ಅಂದರೆ ಎಕ್ಸ್ ಘನ + 8 = 0. ಅದರಿಂದ ಎಕ್ಸ್ + 2 ಅನ್ನೋ ಅಪವರ್ತನ ಹೊರಗೆ ತೆಗೆಯಲಿ. ಉಳಿದದ್ದಕ್ಕೆ ಹತ್ತನೇ ತರಗತಿಯ ವರ್ಗಸಮೀಕರಣದ ಸೂತ್ರ ಹಾಕಲಿ. ಏನು ಬರುತ್ತದೆ ಅಂತ ನಾನು ಹೇಳೋದಿಲ್ಲ.

ಸಪ್ತಾಪುರದ ಅಮ್ಮ

ಮಾಸ್ತರರೇ, ಮಾಡಿದ. ಅವನೇ ಹೇಳಿದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ನನ್ನದು.

ಎಕ್ಸ್ + 2 ತೆಗೆದ ಮೇಲೆ ಎಕ್ಸ್ ವರ್ಗ - 2 ಎಕ್ಸ್ + 4 ಉಳಿಯಿತು. ಶೋಧಕ (ಸೂತ್ರದಲ್ಲಿ ವರ್ಗಮೂಲದ ಒಳಗೆ ಬರುವ ಸಂಖ್ಯೆ) 4 - 16, ಅಂದರೆ -12. ಇಲ್ಲಿ ಅವನು "ವಾಸ್ತವ ಮೂಲಗಳಿಲ್ಲ" ಅಂತ ಬರೆದು ಪೆನ್ ಕೆಳಗಿಟ್ಟ. ಕ್ಲಾಸಲ್ಲಿ ಅಷ್ಟೇ ಬರೆಯೋದಂತೆ. ಮುಂದೆ ಹೋಗೋ ಅಂದೆ. ಸೂತ್ರಕ್ಕೆ ಹಾಕಿದ. 1 ± √-3 ಬಂತು. 3ರ ವರ್ಗಮೂಲ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದ. 1.7320508.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿ ನನಗೆ ಪೈಥಾನ್ ಉತ್ತರ ತೋರಿಸಿದ. ಅದೇ ಅಂಕಿಗಳು. 1ರ ಕೊನೆಯಲ್ಲಿದ್ದ ಆ 2 ಯಾಕೆ ಬಂತು ಅನ್ನೋದೂ ಈಗ ಅರ್ಥವಾಯಿತು, ಕಂಪ್ಯೂಟರ್ ಲೆಕ್ಕದಲ್ಲಿ ದಶಮಾಂಶಗಳು ಪೂರ್ತಿ ಸಿಗದೆ ಉಳಿದ ಚೂರು.

ಪರೀಕ್ಷೆಯಲ್ಲಿ ಏನು ಬರೆಯಲಿ ಅಂತ ಕೇಳುತ್ತಿದ್ದಾನೆ.

ಹಾವೇರಿ ನಿವೃತ್ತ ಮಾಸ್ತರ

"ವಾಸ್ತವ ಮೂಲಗಳಿಲ್ಲ" ಅಂತಲೇ ಬರೆಯಲಿ. "ಮೂಲಗಳಿಲ್ಲ" ಅಂತ ಬರೆದರೆ ನಾನಾಗಿದ್ದರೆ ಅರ್ಧ ಅಂಕ ಕಡಿಯುತ್ತಿದ್ದೆ. ಇನ್ನೂ ಆಟ ಬೇಕಿದ್ದರೆ -64ರ ಆರನೇ ಮೂಲ ಹುಡುಕಲಿ. ರಸ್ತೆಯ ಮೇಲೆ ಒಂದೂ ಸಿಗೋದಿಲ್ಲ, ಅದು ಮೊದಲೇ ಗೊತ್ತು. ಎಷ್ಟು ಡಿಗ್ರಿಯಿಂದ ಶುರು ಮಾಡಬೇಕು ಅನ್ನೋದು ಪ್ರಶ್ನೆ.

ಸಪ್ತಾಪುರದ ಅಮ್ಮ

30 ಅಂತೆ. ಆಮೇಲೆ 90, 150, 210, 270, 330. 90ರದ್ದು 2ಐ ಅಂತ ತಾಳೆ ನೋಡಿದ್ದಾನೆ, ಆರು ಸಲ ಗುಣಿಸಿದರೆ -64 ಬಂತು. 30ರದ್ದನ್ನು ತಾಳೆ ನೋಡಲು ಹಾಲ್‌ನಲ್ಲಿ ನಿಂತು ತಿರುಗುತ್ತಿದ್ದಾನೆ. ಟಿ.ವಿ. ಕಡೆ ಧಾರವಾಡ, ಅಡುಗೆಮನೆ ಕಡೆ ಹುಬ್ಬಳ್ಳಿ ಅಂತೆ. ಆರನೇ ತಿರುವಿಗೆ ನನ್ನ ಎದುರು ಬಂದು ನಿಂತ.